ಸಿಂಧಘಟ್ಟದ ಸಹನ ರಂಗಸಂಗೀತಕ್ಕೆ ಸೇರಿದ್ದು

ಪಾಂಡವಪುರದಲ್ಲಿ ನನ್ನದೊಂದು ಡ್ರಾಮಾ ಸೀನರಿ ಅಂಗಡಿ ಇದೆ. ಅರಮನೆ, ಕಾಡು, ಬೀದಿ ಬರೆದ ಪರದೆಗಳು, ರಟ್ಟಿನ ಕಿರೀಟ, ಗದೆ, ಲೈಟು, ಮೈಕ್ ಸೆಟ್ಟು ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇನೆ. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಎಲ್ಲಿ ಪೌರಾಣಿಕ ನಾಟಕ ನಡೆದರೂ ಪರದೆ ಕಟ್ಟಲು ಈ ದೇವರಾಜುವೇ ಹೋಗಬೇಕು. ರಾಜರು ಬೀಡಿ ಸೇದುವುದನ್ನೂ ದೇವರುಗಳು ಕಿರೀಟಕ್ಕಾಗಿ ಕಿತ್ತಾಡುವುದನ್ನೂ ಪರದೆಯ ಹಿಂದಿನಿಂದ ನೋಡಿ ನೋಡಿ ನನಗೆ ಸಾಕಾಗಿದೆ. ಯಾರೋ ಹಾಡಿದರು ಅಂತ ಸುಲಭಕ್ಕೆ ಮರುಳಾಗುವವನಲ್ಲ ನಾನು. ಅಂಥವನನ್ನೂ ಬಾಯಿ ಬಿಟ್ಟುಕೊಂಡು ಕೂರುವ ಹಾಗೆ ಮಾಡಿದವಳು ನನ್ನ ಅಕ್ಕನ ಮಗಳು ಸಹನ. ಅವಳ ವಿಷಯ ಹೇಳುವಾಗ ಕೊಂಚ ಜಾಸ್ತಿಯಾಯಿತು ಅನ್ನಿಸಿದರೆ ಸಹಿಸಿಕೊಳ್ಳಿ.

ಈಗ ಅವಳು ನಾಗಮಂಗಲದ ಕಡೆ ಹೊಣಕೆರೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ, ಹಾಡು ಕಲಿಸುವ ಟೀಚರು. ನೋಡಲು ಅಂಥ ವಿಶೇಷವೇನೂ ಇಲ್ಲ. ಉದ್ದನೆಯ ಹುಡುಗಿ, ಬಿರಬಿರನೆ ನಡೆಯುತ್ತಾಳೆ, ಬಸ್ಸಿನಲ್ಲಿ ಕೂತರೆ ಕಡಲೆಕಾಯಿ ಸುಲಿದುಕೊಂಡು ಕಿಟಕಿಯಾಚೆ ನೋಡುತ್ತಾಳೆ. ಪಕ್ಕದಲ್ಲಿ ಕೂತವರಿಗೆ ಆ ಕೊರಳಲ್ಲಿ ಏನಿದೆ ಅಂತ ಗೊತ್ತೇ ಆಗುವುದಿಲ್ಲ.

ಅವಳಪ್ಪ, ನನ್ನ ಭಾವ ತಮ್ಮಯ್ಯ, ಸಿಂಧಘಟ್ಟದ ಒಕ್ಕಲು ಮನೆತನದವನು. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಸೀಮೆಹಸು. ಜೊತೆಗೆ ನಾಟಕದ ಹುಚ್ಚು. ರಾಜನ ಪಾತ್ರ ಬೇರೆಯವರಿಗೆ ಹೋದರೆ ಭಾವ ಆ ವರ್ಷ ಅನ್ನ ನೀರು ಬಿಡುತ್ತಿದ್ದನೇನೋ. ಹಾರ್ಮೋನಿಯಂ ಮೇಷ್ಟ್ರು ನರಸಯ್ಯನವರು ತಿಂಗಳುಗಟ್ಟಲೆ ಅವನ ಮನೆಯ ಪಡಸಾಲೆಯಲ್ಲೇ ಬಿಡಾರ ಹೂಡಿ ತಾಲೀಮು ಮಾಡಿಸುತ್ತಿದ್ದರು. ನನ್ನ ಅಕ್ಕ ಪಾರ್ವತಮ್ಮ ಆ ಗುಂಪಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ನಾಟಕ ಅನ್ನುವ ಮಾತು ಕಿವಿಗೆ ಬಿದ್ದರೆ ಮುಖ ಸಿಂಡರಿಸುತ್ತಿದ್ದಳು.

ನಮ್ಮ ಕಡೆ ಸ್ತ್ರೀಪಾತ್ರಕ್ಕೆ ಮಂಡ್ಯದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬರುವುದು ಕೊನೆಯ ತಾಲೀಮಿಗೆ ಮಾತ್ರ. ಅಲ್ಲಿಯವರೆಗೆ ರಾಣಿಯ ಹಾಡಿಗೆ ಯಾರಾದರೂ ನಿಂತುಕೊಂಡು ಜಾಗ ತುಂಬಬೇಕು. ಆ ಮನೆಯಲ್ಲಿ ಹಾಗೆ ಜಾಗ ತುಂಬುತ್ತಿದ್ದವಳು ಹೈಸ್ಕೂಲು ಓದುತ್ತಿದ್ದ ಸಹನ. ಹಾಲಿನ ಕ್ಯಾನು ಡೈರಿಗೆ ಕೊಟ್ಟು ಬಂದು, ಒದ್ದೆ ಲಂಗದಲ್ಲೇ ನಿಂತು, ರಾಜನಾದ ಅಪ್ಪನ ಎದುರು ರಾಣಿಯ ಅಗಲಿಕೆಯ ಹಾಡು ಹಾಡುತ್ತಿದ್ದಳು. ಒಂದು ವರ್ಷ ನರಸಯ್ಯನವರು ಹಾರ್ಮೋನಿಯಂ ಮುಚ್ಚಿಟ್ಟು, "ಇಂಥ ಕೊರಳ ಮನೇಲಿ ಮಡಿಕ್ಕಂಡು ಮಂಡ್ಯಕ್ಕೆ ಯಾತುಕ್ಕೆ ಓಗ್ಬೇಕು? ಈ ಮಗೂನೇ ಸ್ಟೇಜ್ ಅತ್ಸು ತಮ್ಮಯ್ಯ" ಅಂದರು. ಒಕ್ಕಲಿಗರ ಮನೆ ಹೆಣ್ಣುಮಗಳು ಬಣ್ಣ ಹಚ್ಚುವುದೇ ಎಂದು ಊರು ಗೊಣಗಿತು. ಭಾವ ಮೀಸೆ ತಿರುವಿ, "ನನ್ ಮಗ್ಳು, ನನ್ ಪಕ್ದಲ್ಲಿ ನಿಂತ್ಕೊತಾಳೆ, ನಿಮ್ಗೇನ್ಲಾ?" ಎಂದ. ಅಲ್ಲಿಂದ ಪ್ರತಿ ವರ್ಷವೂ ಅಪ್ಪ ರಾಜ, ಮಗಳು ರಾಣಿ.

ಇಲ್ಲಿ ಮೈಕಿನ ವಿಷಯ ಹೇಳಿಬಿಡಬೇಕು. ಹಳ್ಳಿಯ ಸ್ಟೇಜಿನಲ್ಲಿ ನಾವು ಮೈಕನ್ನು ಮೇಲಿನ ಅಡ್ಡ ಬಿದಿರಿನ ಗಳುವಿಗೆ ಕಟ್ಟಿ ನಡುವೆ ಇಳಿಬಿಡುತ್ತೇವೆ. ಮಾತು ಎಲ್ಲಿ ನಿಂತು ಆಡಿದರೂ ಹಾಡುವಾಗ ಪಾತ್ರಧಾರಿ ಅದರ ಕೆಳಗೆ ಬಂದು, ಕತ್ತು ಮೇಲೆತ್ತಿ, ಮೈಕಿಗೇ ಹಾಡಬೇಕು. ಗಂಡನನ್ನು ಕಳೆದುಕೊಂಡು ಗೋಳಾಡುವವಳೂ ಮೈಕನ್ನೇ ನೋಡಿಕೊಂಡು ಗೋಳಾಡುತ್ತಾಳೆ. ಹಾಗೆ ನೋಡಿ ಬೆಳೆದ ನಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸಹನಳ ತಲೆಯ ಮೇಲೆ ಮೈಕು ಇಳಿಬಿಡುತ್ತಿದ್ದವನೂ ನಾನೇ.

ತೊಂಬತ್ತಾರರಲ್ಲಿ ಅವಳು ಕೆ.ಆರ್. ಪೇಟೆಯಲ್ಲಿ ಪಿಯುಸಿ ಮುಗಿಸಿದಳು. ಡಿಗ್ರಿಯಲ್ಲೇ ರಂಗಸಂಗೀತ ಓದಬಹುದು, ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಒಂದೊಂದು ಕಡೆ ಕಲಿಸುತ್ತಾರೆ ಎಂದು ನರಸಯ್ಯನವರು ಹೇಳಿದ್ದೇ ತಡ, ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಾಡಿ ನಟಿಸುವುದನ್ನು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುತ್ತಾರೆ ಅನ್ನುವುದೇ ನಮಗೆಲ್ಲ ಸೋಜಿಗ. ಭಾವ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಎರಡೂ ಕಡೆಯ ಸಂದರ್ಶನಕ್ಕೆ ಅಪ್ಪ ಮಗಳ ಜೊತೆ ನಾನೂ ಹೊರಟೆ.

ಮೊದಲು ಬೆಂಗಳೂರು. ದೊಡ್ಡ ಹಾಲು, ಗಡ್ಡದ ಮೇಷ್ಟ್ರುಗಳು, ಹೆಗಲಲ್ಲಿ ಬಟ್ಟೆ ಚೀಲ. ಸಹನ ಹಾಲಿನ ನಟ್ಟನಡುವೆ ಹೋಗಿ ನಿಂತಳು. ಅಲ್ಲಿ ಮೈಕೂ ಇಲ್ಲ, ಗಳುವೂ ಇಲ್ಲ. ಆದರೂ ಅವಳ ಕತ್ತು ತಾನಾಗಿ ಮೇಲೆದ್ದಿತು. ಚಾವಣಿಯ ಫ್ಯಾನು ನೋಡಿಕೊಂಡು ರಾಣಿಯ ಆ ಹಾಡನ್ನು ಇಡಿಯಾಗಿ ಹಾಡಿ ಮುಗಿಸಿದಳು. ಕೆಲಸ ಕೆಟ್ಟಿತು ಅಂದುಕೊಂಡೆ. ಗಡ್ಡದವರಲ್ಲಿ ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಆ ಕತ್ತಿನ ನಿಲುವು ನೋಡಿ! ಆಕಾಶದ ಜೊತೆ ಸಂವಾದ ಮಾಡ್ತಿದ್ದಾಳೆ ಈ ಹುಡುಗಿ. ಏನಮ್ಮಾ, ನೀನು ಏನನ್ನೂ ಬದಲಾಯಿಸಿಕೊಳ್ಳಬೇಡ. ಹೀಗೇ ಇರು."

ಯಾವ ಆಕಾಶವೋ! ನಾನು ಇಳಿಬಿಡುತ್ತಿದ್ದ ಮೈಕಿನ ವೈರಿನ ಗಂಟು ಅದು. ಸಹನ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಪಕ್ಕಕ್ಕೆ ಬಂದಿದ್ದ ಭಾವ ಅವಳ ರಟ್ಟೆ ಚಿವುಟಿದ. ಸೀಟು ಕೊಟ್ಟರು. ವರ್ಷದ ಕೊನೆಗೆ ದೆಹಲಿಗೆ ಹೋಗುವ ನಾಟಕದಲ್ಲಿ ಮುಖ್ಯ ಪಾತ್ರ ಅಂದರು. ಊರಿನ ನಾಟಕಕ್ಕೆ ಬೇಕಾದಾಗ ಹೋಗಿ ಬರಬಹುದು ಎಂದೂ ಅಂದರು. ಭಾವನ ಕಾಲು ನೆಲದ ಮೇಲಿರಲಿಲ್ಲ. ವಾಪಸು ಬರುವಾಗ ಸಹನ ನನ್ನ ಕಡೆ ತಿರುಗಿ ಮೆಲ್ಲಗೆ, "ಮಾವ, ಅಲ್ಲಿ ಮೈಕಿಲ್ಲ ಅಂತ ಆಮೇಕೆ ಗೊತ್ತಾಯ್ತು ನಂಗೆ. ಅವ್ರ್ಯಾಕೆ ಯೋಳ್ನಿಲ್ಲ?" ಅಂದಳು.

"ಅವ್ರಿಗೂ ಗೊತ್ತಾಗ್ನಿಲ್ಲ ಕಣವ್ವ" ಎಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ.

ಮೈಸೂರಿನದು ಹಳೆಯ ಕಟ್ಟಡದ ಸಣ್ಣ ಕೋಣೆ. ಜೊತೆಗೆ ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಒಳಗೆ ಬರಲು ಭಾವನಿಗೆ ಧೈರ್ಯವಾಗಲಿಲ್ಲ. "ನೀನೇ ಓಗ್ಲಾ" ಎಂದು ನನ್ನನ್ನು ನೂಕಿ ತಾನು ದೂರದ ಹುಣಸೆಮರದ ಕೆಳಗೆ ಎಲೆಯಡಿಕೆ ಹಾಕಿಕೊಂಡು ಕುಳಿತ. ಒಳಗೆ ಯಶೋದಮ್ಮ ಎಂಬ ವಯಸ್ಸಾದ ಅಧ್ಯಾಪಕಿ, ಇನ್ನಿಬ್ಬರು ಮೇಷ್ಟ್ರುಗಳು. ಸಹನ ಮತ್ತೆ ಕೋಣೆಯ ನಡುವೆ ನಿಂತು ಮತ್ತೆ ಕತ್ತೆತ್ತಿದಳು. ಮೊದಲ ಸಾಲಿಗೇ ಯಶೋದಮ್ಮ ಕೈಯೆತ್ತಿ ನಿಲ್ಲಿಸಿದರು.

"ಮೇಲೆ ಏನು ನೋಡ್ತಿದ್ದೀಯಮ್ಮ?"

"ಮೈಕು, ಮೇಡಂ."

"ಎಲ್ಲಿದೆ?"

ಇಬ್ಬರು ಮೇಷ್ಟ್ರುಗಳೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಮಗು ಹಾಡುವಾಗ ನಗುವುದು ಯಾವ ಸೀಮೆ ಓದು ಎಂದು ಎದ್ದು ಕೇಳುವವನಿದ್ದೆ. ಅಷ್ಟರಲ್ಲಿ ಯಶೋದಮ್ಮ ಕುರ್ಚಿ ಬಿಟ್ಟೆದ್ದು ಬಂದು, ಎರಡು ಬೆರಳನ್ನು ಸಹನಳ ನೆತ್ತಿಗಿಟ್ಟು ಅವಳ ತಲೆಯನ್ನು ಮೆಲ್ಲಗೆ ಕೆಳಗಿಳಿಸಿದರು. ಅವಳೆದುರು ಕೈಯಳತೆಯಲ್ಲಿ ನಿಂತರು.

"ಹಾಡಿನಲ್ಲಿ ಈ ರಾಣಿಯ ಗಂಡ ಯುದ್ಧಕ್ಕೆ ಹೊರಟಿದ್ದಾನೆ, ಅಲ್ಲವೇ? ನಾನೇ ಅವನು ಅಂದುಕೋ. ಊರಿಗೆಲ್ಲ ಹಾಡಬೇಡ. ನನಗೊಬ್ಬಳಿಗೆ ಹೇಳು."

ಸಹನ ಅವರ ಮುಖ ನೋಡಿದಳು. ಆಮೇಲೆ ಅದೇ ಹಾಡು, ಅದೇ ಮಟ್ಟು ಶುರುವಾಯಿತು.

ಏನೆಂದು ಹೇಳಲಿ! ಆ ಹಾಡನ್ನು ನಾನು ಎಷ್ಟು ಸಲ ಕೇಳಿರಲಿಲ್ಲ? ಪರದೆ ಎಳೆಯುತ್ತಾ ಕೇಳಿದ್ದೆ, ಫ್ಯೂಸ್ ಹಾಕುತ್ತಾ ಕೇಳಿದ್ದೆ. ಅದರಲ್ಲಿ ಒಬ್ಬ ಹೆಂಗಸು ಒಬ್ಬ ಗಂಡಸಿಗೆ ಹೋಗಬೇಡ ಅನ್ನುತ್ತಿದ್ದಾಳೆ ಅನ್ನುವುದು ನನಗೆ ಅವತ್ತೇ ತಿಳಿದದ್ದು. ದನಿ ಸಣ್ಣದಾಗಿತ್ತು, ಒಂದೆರಡು ಕಡೆ ಒಡೆಯಿತು ಕೂಡ. ಆದರೆ ಅದು ಕೋಣೆಯೊಳಗೆ ನಡೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ ಹಾಗಾಯಿತು. ಈ ಹುಡುಗಿಯ ಮೂಗು ಒರೆಸಿ ಎತ್ತಿ ಆಡಿಸಿದವನು ನಾನು. ನಾನು ಕಾಣದ ಇನ್ನೊಬ್ಬಳು ಅವಳೊಳಗೆ ಎಲ್ಲಿದ್ದಳು ಎಂದು ಬೆರಗಾಗಿ ಕುಳಿತೆ. ನಕ್ಕಿದ್ದ ಮೇಷ್ಟ್ರುಗಳೂ ತಲೆ ತಗ್ಗಿಸಿ ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ಸಹನ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಅವಳಿಗೂ ನನ್ನಷ್ಟೇ ಆಶ್ಚರ್ಯವಾಗಿತ್ತು.

ಯಶೋದಮ್ಮ ಹೊರಗೆ ಬಂದು ಭಾವನಿಗೆ ಸೀಟು ಕೊಟ್ಟ ಸುದ್ದಿ ಹೇಳಿದರು. ಜೊತೆಗೊಂದು ಕರಾರೂ ಹೇಳಿದರು. "ಒಂದು ವರ್ಷ ಇವಳು ಎಲ್ಲೂ ಹಾಡಬಾರದು. ಸ್ಟೇಜೂ ಬೇಡ, ಮನೆಯೂ ಬೇಡ. ನಾನು ಕೊಟ್ಟ ಸ್ವರ ಮಾತ್ರ. ಇಲ್ಲದಿದ್ದರೆ ಕತ್ತು ಮತ್ತೆ ಹಳೇ ದಾರಿ ಹಿಡಿಯುತ್ತೆ."

"ಆಗ್ಲಿ ಮೇಡಮ್ಮೋರೆ" ಎಂದು ಕೈಮುಗಿದ ಭಾವ ಗೇಟು ದಾಟಿದ ಮೇಲೆ ಉರಿದುಬಿದ್ದ. "ಆಡೋಳ್ಗೆ ಆಡ್ಬೇಡ ಅನ್ನಾಕೆ ಡಿಗ್ರಿ ಯಾತುಕ್ಲಾ ಬೇಕು? ಅಲ್ಲಿ ಡೆಲ್ಲಿಗೆ ಕರ್ಕೊಂಡೋಯ್ತೀವಿ ಅಂತಾವ್ರೆ, ಇಲ್ಲಿ ಬಾಯ್ಗೆ ಬೀಗ ಆಕ್ತಾವ್ರೆ!"

ಅವನ ಸಂಕಟ ಬರೀ ಡೆಲ್ಲಿಯದಲ್ಲ. ಯುಗಾದಿ ಕಳೆದ ಮೇಲೆ ಊರ ದೇವಸ್ಥಾನದ ಜಗಲಿಯಲ್ಲಿ ಯಜಮಾನರು ಪಾತ್ರ ಹಂಚಿದ್ದರು. ನಮ್ಮಲ್ಲಿ ಪಾತ್ರ ಹಂಚುವುದು ವೀಳ್ಯ ಕೊಟ್ಟು. ದೇವರೆದುರು ಎಲೆಯಡಿಕೆ ತಗೊಂಡವನು ಮನೆಯಲ್ಲಿ ಸಾವಾದರೆ ಮಾತ್ರ ಪಾತ್ರ ಬಿಡಬಹುದು. ಭಾವ ತನ್ನದೊಂದು, ಮಗಳದೊಂದು, ಎರಡು ವೀಳ್ಯ ಹಿಡಿದಿದ್ದ. ಕೊಯ್ಲು ಮುಗಿದ ಮೇಲೆ ನಾಟಕ. ಮಗಳು ಮೈಸೂರು ಸೇರಿದರೆ ಅವಳ ವೀಳ್ಯವನ್ನು ಊರ ಮುಂದೆ ತಿರುಗಿ ಕೊಡಬೇಕು. ಅವತ್ತಿನವರೆಗೆ ಸಿಂಧಘಟ್ಟದಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ನಾನು ಒಳಗೆ ಕೇಳಿದ್ದನ್ನು ಹೇಳಲು ಹೋದೆ. "ಸುಮ್ಕಿರ್ಲಾ, ನಾ ಕೇಳ್ದೆ ಇರೋ ಆಡಾ?" ಎಂದ.

ಎರಡೂ ಕಡೆ ಸೇರಲು ಕೊನೆಯ ದಿನ ಒಂದೇ ಸೋಮವಾರ. ಭಾನುವಾರ ಅಪ್ಪ ಮಗಳು ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಭಾವನ ಪ್ರಕಾರ ಬೆಂಗಳೂರು ತೀರ್ಮಾನವಾಗಿತ್ತು. ಬೆಳಿಗ್ಗೆ ಮೂವರೂ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿಗೆ ಬಂದೆವು. ಬೆಂಗಳೂರಿಗಾದರೂ ಮೈಸೂರಿಗಾದರೂ ಅಲ್ಲೇ ಬಸ್ಸು ಬದಲಿಸಬೇಕು. ಬೆಂಗಳೂರು ಬಸ್ಸು ಮೊದಲು ಬಂತು. ಭಾವ ಟ್ರಂಕು ಎತ್ತಿ ಮೆಟ್ಟಿಲ ಮೇಲಿಟ್ಟ. ಸಹನ ಅದನ್ನು ಹಿಡಿದೆಳೆದು ಮತ್ತೆ ನೆಲಕ್ಕಿಟ್ಟಳು.

"ಅಪ್ಪ, ನಾ ಮೈಸೂರ್ಗೇ ಓಯ್ತೀನಿ."

ಬಸ್ಸು ಹೊರಟುಹೋಯಿತು. ಭಾವ ಅದರ ಹಿಂದಿನ ಧೂಳು ನೋಡುತ್ತಾ ನಿಂತ. ಕೂಗಾಡುತ್ತಾನೆ ಅಂತ ನಾನು ಕಾದೆ.

"ಯಾಕವ್ವ?" ಅಂದ, ಅಷ್ಟೇ.

"ಬೆಂಗ್ಳೂರ್ನೋರು ನಂಗೆ ಬರೋದ್ನೇ ಕೇಳಿ ಕುಸಿ ಪಟ್ರು. ಆಯಮ್ಮ ನಂಗೆ ಬರ್ದೆ ಇರೋದ್ನ ತೋರ್ಸುದ್ರು. ನಂಗದು ಬೇಕು ಅಪ್ಪ." ಅವಳ ಕಣ್ಣು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ವೀಳ್ಯ ನಾನೇ ಬಂದು ತಿರ್ಗಿ ಕೊಡ್ತೀನಿ. ಊರೋರು ಬೈದ್ರೆ ನನ್ನೇ ಬೈಲಿ."

"ಒಂದು ವರ್ಸ ಆಡಾಕಿಲ್ವಾ?"

"ಇಲ್ಲ."

"ಕೊಟ್ಟಿಗೇಲಿ ಆಲ್ ಕರಿಯೋವಾಗ್ಲೂ?"

"ಅಲ್ಲೂ ಇಲ್ಲ ಅಪ್ಪ."

ಭಾವ ಟ್ರಂಕಿನ ಮೇಲೆ ಕುಳಿತುಬಿಟ್ಟ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಮಗುವಿನ ಹಾಗೆ, "ಅಂಗಾರೆ ಅಲ್ಲಿಗೆ ಸೇರ್ಕಳೋಕ್ ಮುಂಚೆ ಒಂದ್ಸಲ ಆಡ್ಬುಡು. ಇಲ್ಲೇ" ಎಂದ.

ಜನ, ಹೂವಿನವರು, ಬಾಳೆಹಣ್ಣಿನ ಗಾಡಿ, ಹಾರನ್ನು. ಸಹನ ಯಾರನ್ನೂ ನೋಡಲಿಲ್ಲ. ಅಪ್ಪನ ಎದುರು ಮಂಡಿಯೂರಿ ಕುಳಿತು, ಅವನ ಕಣ್ಣಲ್ಲಿ ಕಣ್ಣಿಟ್ಟು, ಅವನಿಗೊಬ್ಬನಿಗೇ ಕೇಳುವ ಹಾಗೆ ಹಾಡಿದಳು. ಹೋಗುತ್ತಿರುವವಳು ತಾನಾಗಿದ್ದೂ ಹೋಗಬೇಡ ಅನ್ನುವ ಹಾಡನ್ನು ಅವನಿಗೆ ಹೇಳಿದಳು. ಹೂವು ಕಟ್ಟುತ್ತಿದ್ದ ಹೆಂಗಸಿನ ಕೈ ನಿಂತಿತು. ಮೈಸೂರು ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡವನು ಊದಲೇ ಇಲ್ಲ. ಸ್ಟೇಜಿನ ಮೇಲೆ ಎಷ್ಟೋ ಸಲ ಗದೆ ಬೀಸಿ ಅಬ್ಬರಿಸಿದ ರಾಜ, ಎಲ್ಲರೆದುರು, ಒರೆಸಿಕೊಳ್ಳುವುದನ್ನೂ ಮರೆತು ಅಳುತ್ತಿದ್ದ.

ಹಾಡು ಮುಗಿಯಿತು. ಭಾವ ಎದ್ದು ತಾನೇ ಟ್ರಂಕು ಹೊತ್ತು ಮೈಸೂರು ಬಸ್ಸಿಗೆ ಏರಿಸಿದ. ಮಗಳನ್ನು ಕಿಟಕಿ ಪಕ್ಕ ಕೂರಿಸಿ, ನನ್ನನ್ನು ಜೊತೆಗೆ ಹತ್ತಲು ಹೇಳಿ, ತಾನು ಇಳಿದ.

"ನೀನ್ ಬರಾಕಿಲ್ವಾ ಬಾವ?" ಎಂದೆ.

"ಇಲ್ಲ ಕಣ್ಲಾ. ವೀಳ್ಯ ತಿರ್ಗಿ ಕೊಡ್ಬೇಕಲ್ಲ, ಊರ್ಗೆ ಓಯ್ತೀನಿ. ಇವ್ಳ್ಯಾಕೆ ಬೈಸ್ಕಬೇಕು, ತಗಂಡೋನು ನಾನು."

ಬಸ್ಸು ಅಲುಗಿತು. ಅವನು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ಬಂದ.

"ಲೇ ದೇವರಾಜು," ಅಂದ, "ಇಷ್ಟು ವರ್ಸ ಇವಳ ಪಕ್ದಲ್ಲೇ ನಿಂತಿದ್ದೆ. ಇವತ್ತೇ ಕಣ್ಲಾ ನಾ ಕೇಳಿದ್ದು."