ಅತ್ತೆ ಸುಮ್ಮನೆ ಕೂತ ದಿನ

ನಮ್ಮ ಅತ್ತೆಯ ಬಲಗಿವಿಯ ಅಂಚಿನಲ್ಲಿ ಸದಾ ಕಂದು ಧೂಳು ಕೂತಿರುತ್ತಿತ್ತು. ಅದು ತೆಂಗಿನ ನಾರಿನ ಧೂಳು. ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಗೆ ಬಂದ ಕಾಯಿಯ ಗುಡ್ಡೆಯಿಂದ ಅಲ್ಲೊಂದು ಇಲ್ಲೊಂದು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಅವರು ಕೇಳಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು, ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೂ ಆ ಧೂಳು ಪೂರ್ತಿ ಹೋಗುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಅದನ್ನು ಒರೆಸಿಬಿಡೋಣ ಅನ್ನಿಸಬೇಕು. ಆದರೆ ಅವರನ್ನು ಮುಟ್ಟಿ ಮಾತಾಡಿಸುವಷ್ಟು ಸಲಿಗೆ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ.

ಮಾವ ತೀರಿಕೊಂಡಾಗ ನನ್ನ ಯಜಮಾನರು ಇನ್ನೂ ಶಾಲೆಗೆ ಹೋಗುವ ಹುಡುಗ. ಅಂದಿನಿಂದ ಮಂಡಿಯಲ್ಲಿ ಮಾವನ ಜಾಗದಲ್ಲಿ ಕೂತವರು ಅತ್ತೆ. ಮುಂದೆ ಮಗ ದೊಡ್ಡವನಾಗಿ ಲಾರಿ, ಲೋಡು ಎಲ್ಲ ನೋಡಿಕೊಳ್ಳತೊಡಗಿದರೂ ರೈತರು ಬಂದು ಕೇಳುತ್ತಿದ್ದುದು "ಅವ್ವೋರು ಅವ್ರಾ?" ಎಂದೇ. ನಾನು ಮದುವೆಯಾಗಿ ಬಂದ ಮೊದಲ ತಿಂಗಳಲ್ಲಿ ಅತ್ತೆ ಊಟದ ಹೊತ್ತಿನಲ್ಲಿ, "ಇನ್ಮೇಲೆ ಮಂಡೀಲಿ ನೀನು ಕೂತ್ಕೊಳ್ಳವ್ವ, ನಾನು ಹೇಳ್ಕೊಡ್ತೀನಿ" ಎಂದರು. ನನಗೆ ಆಗಷ್ಟೇ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತ್ತು. "ಆಗಲ್ಲ ಅತ್ತೆ, ನಾನು ಕೆಲಸ ಬಿಡಲ್ಲ" ಎಂದೆ. ಅವರು ಬೈಯಲಿಲ್ಲ. ಆದರೆ ಅವತ್ತಿನಿಂದ ನನ್ನೊಂದಿಗೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿಬಿಟ್ಟರು.

ಮಾತೆಲ್ಲ ಮೂರನೆಯವರ ಮೂಲಕ. ಮೊದಲು ಮಗನ ಮೂಲಕ, ಆಮೇಲೆ ನಮ್ಮ ಮಗಳ ಮೂಲಕ. "ಅವಳ ಬಸ್ಸಿಗೆ ಹೊತ್ತಾಯ್ತು ಅಂತ ಹೇಳು." ಜ್ವರ ಬಂದು ಮಲಗಿದ್ದಾಗ ಗಂಜಿಯನ್ನು ತಾವೇ ಮಾಡಿ, ಬಾಗಿಲಲ್ಲಿ ನಿಂತು, "ಬಿಸಿಯಾಗೇ ಕುಡಿಯೋಕೆ ಹೇಳೋ ಅವಳಿಗೆ" ಎಂದಿದ್ದರು. ಅಕ್ಕರೆಯೂ ಸುತ್ತು ಹಾಕಿಕೊಂಡೇ ಬರುತ್ತಿತ್ತು. ನಾನೂ ಅದನ್ನೇ ಕಲಿತೆ. "ಅಜ್ಜಿ ಮಾತ್ರೆ ತಗೊಂಡ್ರಾ ಕೇಳು ಪುಟ್ಟಿ" ಎನ್ನುತ್ತಿದ್ದೆ, ಅಜ್ಜಿ ಅಲ್ಲೇ ಎದುರಿಗೆ ಕೂತಿರುವಾಗ. ವರ್ಷಗಳು ಹಾಗೇ ಕಳೆದವು.

ಒಂದು ಮೇ ತಿಂಗಳಲ್ಲಿ, ನಮ್ಮ ಮದುವೆಯ ದಿನಕ್ಕೆಂದು, ಯಜಮಾನರು ಗೆಂಡೆಹಳ್ಳಿ ದಾಟಿ ಕಾಫಿ ತೋಟದೊಳಗಿದ್ದ ಒಂದು ಹೋಟೆಲಿನಲ್ಲಿ ರೂಮು ಹಿಡಿದಿದ್ದರು. ಹಳೇ ಬಂಗಲೆಯೊಂದನ್ನು ಚೆಂದ ಮಾಡಿ, ಏಳೆಂಟು ರೂಮು ಮಾತ್ರ ಇಟ್ಟುಕೊಂಡು ನಡೆಸುತ್ತಿದ್ದ ಜಾಗ. ಹೊರಡುವ ಹಿಂದಿನ ದಿನ ನಮ್ಮ ಲೋಡಿನ ಲಾರಿ ದಾರಿಯಲ್ಲಿ ಮಗುಚಿದ ಸುದ್ದಿ ಬಂತು. ಡ್ರೈವರಿಗೆ ಪೆಟ್ಟಾಗಿತ್ತು, ಯಜಮಾನರು ಹೋಗಲೇಬೇಕಿತ್ತು. ಬ್ಯಾಗು ತುಂಬುತ್ತಲೇ, "ಅಮ್ಮನ್ನ ಕರ್ಕೊಂಡು ನೀನು ಹೋಗಿಬಾ. ಪುಟ್ಟಿ ಹೇಗಿದ್ರೂ ನಿಮ್ಮ ತವರಲ್ಲಿದಾಳೆ" ಎಂದುಬಿಟ್ಟರು. ಅತ್ತೆ ಒಲ್ಲೆ ಎನ್ನುತ್ತಾರೆಂದು ನಾನು ಸುಮ್ಮನಿದ್ದೆ. ನಾನು ಒಲ್ಲೆ ಎನ್ನುತ್ತೇನೆಂದು ಅವರು ಸುಮ್ಮನಿದ್ದರು. ಹಾಗಾಗಿ ಇಬ್ಬರೂ ಕಾರು ಹತ್ತಿದೆವು.

ಜಾವಗಲ್ ಆಯಿತು, ಹಳೇಬೀಡಾಯಿತು, ಬೇಲೂರಾಯಿತು. ಅಷ್ಟು ದೂರಕ್ಕೂ ಅತ್ತೆ ಆಡಿದ್ದು ಒಂದೇ ಮಾತು, ಅದೂ ಬಾಡಿಗೆ ಕಾರಿನ ಡ್ರೈವರಿಗೆ: "ಬಿಸಿಗಾಳಿ ಬತ್ತೈತೆ, ಕಿಟಕಿ ಏರ್ಸೋಕೆ ಹೇಳಪ್ಪ ಅವಳಿಗೆ." ಡ್ರೈವರು ನಮ್ಮಿಬ್ಬರನ್ನೂ ಕನ್ನಡಿಯಲ್ಲಿ ನೋಡಿ ಏನೂ ತೋಚದೆ ತಾನೇ ಎ.ಸಿ. ಹಾಕಿದ. ಹೋಟೆಲಿನ ಮುಂದೆ ನಮ್ಮನ್ನಿಳಿಸಿ ಅವನೂ ಹೊರಟುಹೋದ. ಇನ್ನು ನಡುವೆ ಯಾರೂ ಉಳಿಯಲಿಲ್ಲ.

ಗಂಡ ಹೆಂಡತಿಯ ಬದಲು ಅತ್ತೆ ಸೊಸೆ ಬರುತ್ತಾರೆಂದು ಹೋಟೆಲಿನವರಿಗೆ ಯಾರೂ ಹೇಳಿರಲಿಲ್ಲ. ರೂಮಿನ ಬಾಗಿಲು ತೆರೆದರೆ, ಬಿಳಿ ಹಾಸಿಗೆಯ ಮೇಲೆ ಗುಲಾಬಿ ಎಸಳುಗಳನ್ನು ಹೃದಯದ ಆಕಾರದಲ್ಲಿ ಜೋಡಿಸಿದ್ದರು. ಅದರ ನಡುವೆ ಟವೆಲ್ಲಿನಿಂದ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ನಿಂತಿದ್ದವು. ಅತ್ತೆ ಹೊಸ್ತಿಲಲ್ಲೇ ನಿಂತರು. ಹಿಂದೆ ತಿರುಗಿ ನೋಡಿದರು. ಅಲ್ಲಿ ಇದ್ದವಳು ನಾನೊಬ್ಬಳೇ.

"ಇದೇನೇ ಇದು? ಮಂಚಕ್ಕೇ ಪೂಜೆ ಮಾಡವ್ರೆ?"

ಹತ್ತಾರು ವರ್ಷಗಳ ನಂತರ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನನಗೆ ನಗು ತಡೆಯಲಾಗಲಿಲ್ಲ. "ಮದುವೆ ದಿನ ಅಲ್ವಾ ಅತ್ತೆ, ನಮಗೆ ಅಂತ ಮಾಡಿದಾರೆ" ಎಂದೆ. ಅವರು ಒಂದು ಹಂಸವನ್ನು ಕತ್ತು ಹಿಡಿದು ಎತ್ತಿದರು. ಅದು ಬಿಚ್ಚಿಕೊಂಡು ಬರೀ ಟವೆಲ್ಲಾಗಿ ಕೈಯಲ್ಲಿ ಜೋತುಬಿತ್ತು. "ಅಯ್ಯೋ, ನಿನ್ ಗಂಡನ್ನ ಕೊಂದ್ಬಿಟ್ನಲ್ಲೇ!" ಎಂದವರೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ನಕ್ಕರೆ ಭುಜ ಕುಣಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಮರುದಿನ ಬೆಳಗ್ಗೆ ಅವರ ಲಿಂಗಪೂಜೆ ಮುಗಿದು ತಿಂಡಿಯಾದ ಮೇಲೆ ಹೋಟೆಲಿನ ಹುಡುಗಿ ಬಂದು, "ಬೇಲೂರು, ಹಳೇಬೀಡಿಗೆ ಕಾರು ರೆಡಿ ಇದೆ ಮೇಡಂ" ಎಂದಳು.

"ಅಲ್ಲಿ ಏನು ನೋಡದವ್ವ?" ಅತ್ತೆ ಕೇಳಿದರು.

"ಶಿಲಾಬಾಲಿಕೆಯರು ಅಜ್ಜಿ. ಎಷ್ಟು ಚೆನ್ನಾಗಿ ನಿಂತಿದಾರೆ ಗೊತ್ತಾ!"

"ಪಾಪ, ಅವರೂ ಅಷ್ಟು ವರ್ಷದಿಂದ ನಿಂತೇ ಅವ್ರೆ. ನಾವು ಇವತ್ತು ಕೂತ್ಕಂತೀವಿ ಬಿಡವ್ವ."

ನಿಜಕ್ಕೂ ಇಡೀ ದಿನ ಕೂತರು. ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ. ಎದುರಿಗೆ ಕಾಫಿ ಗಿಡಗಳಲ್ಲಿ ಹಸಿರು ಕಾಯಿ ಆಗಷ್ಟೇ ಕಟ್ಟುತ್ತಿತ್ತು. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಅತ್ತೆ ಕಾಲು ಮೇಲೆ ಮಡಚಿಕೊಂಡು, ಕೈಯಲ್ಲಿ ಏನೂ ಹಿಡಿಯದೆ ಕೂತಿದ್ದರು. ಅವರ ಖಾಲಿ ಕೈಗಳನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ ಮಾತು ತೆಗೆದರು.

"ಅವತ್ತು ಮಂಡಿ ಬೇಡ ಅಂದ್ಯಲ್ಲ, ನಿಂಗೆ ಹೆದರಿಕೆ ಆಗ್ಲಿಲ್ವೇನೇ?"

"ಆಯ್ತು ಅತ್ತೆ. ಕೊಬ್ಬರಿ ಧೂಳು ಅಂದ್ರೆ ನನಗೆ ಅಸಡ್ಡೆ ಅಂತ ನೀವು ಅಂದ್ಕೊಂಡ್ರಿ, ಅಲ್ವಾ?"

"ಇಲ್ಲ ಕಣೇ." ಅವರು ತೋಟದ ಕಡೆಗೇ ನೋಡುತ್ತಿದ್ದರು. "ನಂಗೂ ಅದು ಬೇಡಾಗಿತ್ತು. ನಿಮ್ಮಾವ ಹೋದಾಗ ಹೋಗಿ ಕೂತ್ಕೋ ಅಂದ್ರು, ಕೂತೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸೊಸೆ ಬಂದ್ರೆ ಎದ್ದುಬಿಡಾನ ಅಂತ ಕಾಯ್ತಿದ್ದೆ. ನೀನು ನೋಡಿದ್ರೆ ಒಂದೇ ಮಾತಲ್ಲಿ ಆಗಲ್ಲ ಅಂದ್ಬಿಟ್ಟೆ. ಹಂಗೂ ಅನ್ನಬೋದು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಸಿಟ್ಟು ಬಂದಿದ್ದು ಅದುಕ್ಕೆ."

"ಎದ್ದಿದ್ರೆ ಏನು ಮಾಡ್ತಿದ್ರಿ ಅತ್ತೆ?" ಎಂದೆ.

"ಏನ್ ಮಾಡ್ತಿದ್ದೆ? ಹಿಂಗೇ ಕೂತಿರ್ತಿದ್ದೆ."

ಸ್ವಲ್ಪ ಹೊತ್ತಿಗೆ ಅವರಿಗೆ ಜೋಂಪು ಹತ್ತಿತು. ಬಾಯಿ ಅರೆ ತೆರೆದು, ತಲೆ ಪಕ್ಕಕ್ಕೆ ವಾಲಿತು. ಲೋಟ ತೆಗೆದುಕೊಂಡು ಹೋಗಲು ಬಂದ ಹುಡುಗಿಗೆ ಸದ್ದು ಮಾಡಬೇಡ ಎಂದು ಸನ್ನೆ ಮಾಡಿದೆ. ಹಗಲು ಹೊತ್ತಿನಲ್ಲಿ ಅವರು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎದ್ದ ಮೇಲೆ ನಾಚಿಕೊಂಡು, "ಗೊರಕೆ ಹೊಡುದ್ನೇನೇ?" ಎಂದರು. ಸಂಜೆಯವರೆಗೂ ನಾವು ಮಾತಾಡಿದೆವು. ನನ್ನ ಶಾಲೆಯ ಮಕ್ಕಳ ಬಗ್ಗೆ, ಅವರ ತವರಿನ ಬಗ್ಗೆ, ಮಾಲೇಕಲ್ಲಿನ ಬೆಟ್ಟ ಹತ್ತುವಾಗ ಮಾವ ಅತ್ತೆಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದದ್ದರ ಬಗ್ಗೆ.

ಹಿಂದಿರುಗಿದಾಗ ಯಜಮಾನರು ಮನೆ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಕಾರಿನಿಂದಿಳಿದು, ಚಪ್ಪಲಿ ಬಿಟ್ಟು, ಮಗನಿಗೆ ಹೇಳಿದರು: "ಅವಳು ದಾರೀಲಿ ಏನೂ ತಿಂದಿಲ್ಲ. ಊಟ ಮಾಡೋಕೆ ಹೇಳು."

ನಾನು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತೇ ಇದ್ದೆ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತು. ಆ ಮನೆಯೊಳಗೆ ಬೇರೆ ರೀತಿ ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ. ನಾಳೆ ಸರಿಹೋಗುತ್ತದೆ ಎಂದುಕೊಂಡೆ. ನಾಳೆಯೂ ಹಾಗೇ ಆಯಿತು.

ಒಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ನಾನೇ ಹೇಳಿದೆ: "ಅಮ್ಮನಿಗೆ ಮಂಡಿ ಸಾಕಾಗಿದೆ. ಯಾರನ್ನಾದ್ರೂ ಕೆಲಸಕ್ಕೆ ಇಟ್ಕೊಳ್ಳಿ." ಅತ್ತೆ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟರು. "ಸಾಕಾಗಿದೆ ಅಂತ ಯಾರು ಹೇಳಿದ್ರಂತೆ ಅವಳಿಗೆ, ಕೇಳೋ" ಎಂದರು. ನೀವೇ, ಎನ್ನಬಹುದಿತ್ತು. ಆದರೆ ಅವರ ಮುಖದಲ್ಲಿ ಹೆದರಿಕೆ ಕಂಡೆ. ತಾಯಿಗೆ ಮಂಡಿಯೇ ಜೀವ ಎಂದು ನಂಬಿಕೊಂಡೇ ಬೆಳೆದ ಮಗ ಎದುರಿಗೆ ಕೂತಿದ್ದ. ಅವನಿಗಾಗಿಯೇ ಅಷ್ಟು ವರ್ಷ ಕೂತವರು, ಬೇಡವಾಗಿತ್ತು ಎಂದು ಅವನೆದುರು ಹೇಗೆ ಒಪ್ಪಿಕೊಂಡಾರು? "ನನಗೇ ಹಾಗನ್ನಿಸ್ತು" ಎಂದು ಮಾತು ಮುಗಿಸಿದೆ. ಅವರ ಮಾನ ಉಳಿಸಿದೆ ಅಂದುಕೊಂಡೆ. ಅಷ್ಟು ಬೇಗ ಮಾತು ಮುಗಿಸಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಅದಾದ ಎರಡನೇ ಬೇಸಿಗೆಯಲ್ಲಿ ಅತ್ತೆ ಮಂಡಿಯಲ್ಲೇ, ರೈತರೊಬ್ಬರ ಜೊತೆ ಮಾತಾಡುತ್ತ ಪಕ್ಕಕ್ಕೆ ವಾಲಿದರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಲಕ್ವ ಹೊಡೆದು ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ಶಾಲೆಗೆ ರಜೆ ಹಾಕಿ ನಾನೇ ಪಕ್ಕದಲ್ಲಿದ್ದೆ. ತಲೆ ಬಾಚಿದೆ, ಮೈ ಒರೆಸಿದೆ. ಶಾಲೆಯ ಸುದ್ದಿ, ಪುಟ್ಟಿಯ ಸುದ್ದಿ ಎಲ್ಲ ಹೇಳಿದೆ. ಇನ್ನು ಮಂಡಿಗೆ ಹೋಗಬೇಕಾಗಿಲ್ಲ ಅತ್ತೆ, ಎಂದೂ ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಂದು ಬೆಳಗಿನ ಜಾವ ಉಸಿರು ನಿಂತಿತು.

ಅವತ್ತು ಬೀದಿಯ ಮಂಡಿಗಳೆಲ್ಲ ಬಾಗಿಲು ಹಾಕಿದ್ದವು. ಮಣ್ಣು ಮುಗಿಸಿ ಬಂದ ಮೇಲೆ ಪಕ್ಕದ ಮನೆಯವರೊಬ್ಬರು ನನ್ನ ಕೈ ಹಿಡಿದುಕೊಂಡು, "ನಿಮ್ಗೂ ಅವರ್ಗೂ ಅಷ್ಟಕ್ಕಷ್ಟೇ ಇತ್ತು. ಆದ್ರೂ ಕೊನೇಲಿ ಚೆನ್ನಾಗಿ ನೋಡ್ಕೊಂಡ್ರಿ ಕಣಮ್ಮ" ಎಂದರು. ಸಮಾಧಾನಕ್ಕೆಂದೇ ಆಡಿದ ಮಾತು. ಹಾಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವರು ಕಂಡದ್ದು ಅಷ್ಟೂ ವರ್ಷಗಳನ್ನು. ನನ್ನ ಹತ್ತಿರ ಇದ್ದದ್ದು ಎರಡೇ ದಿನ.

"ಹೌದು" ಎಂದೆ.