ಕಾಡಿಗೆಯ ಬಲ ಮುಂಗಾಲಿನ ಲಾಳ

ಎರಡು ವರ್ಷದ ಹಿಂದಿನ ಫೆಬ್ರವರಿ ತಿಂಗಳ ಮಾತು. ನಮ್ಮ ಮನೆಗೆ ಇಬ್ಬರು ಸವಾರರು ಎರಡು ಕುದುರೆಗಳ ಜೊತೆ ಬಂದು ತಂಗಿದ್ದರು. ಆಗ ನಡೆದದ್ದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಸಿಟ್ಟು ಬಂದು ಎದ್ದುಬಿಟ್ಟಿದ್ದೇನೆ. ಸಿಟ್ಟು ಈಗಲೂ ಹೋಗಿಲ್ಲ, ಆದರೆ ಬರೆಯುವಷ್ಟು ಕೈ ನಿಂತಿದೆ.

ಮೊದಲು ನನ್ನ ಕಸುಬಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನಮ್ಮ ಕಡೆಯವರೇ ನಂಬುವುದಿಲ್ಲ. ಸುಳ್ಯದಿಂದ ಕಡಬದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮಗೆ ಸರ್ಕಾರದಿಂದ ಮಂಜೂರಾದ ಒಂದು ಎಕರೆ ದರ್ಖಾಸ್ತು ಜಾಗ ಇದೆ. ಅದರಲ್ಲಿ ಕೆಂಪುಕಲ್ಲಿನ ಎರಡು ಕೋಣೆ, ಪಕ್ಕದಲ್ಲಿ ಶೀಟು ಹೊದಿಸಿದ ಲಾಯ. ಮೈಸೂರು, ಕೊಡಗಿನ ಕಡೆಯಿಂದ ಘಾಟಿ ಇಳಿದು ಕುದುರೆ ಮೇಲೆ ಕರಾವಳಿಗೆ ಹೋಗುವವರು ಇದ್ದಾರೆ. ಅಂಥವರಿಗೆ ರಾತ್ರಿ ತಂಗಲು ಜಾಗ, ಬೆಳಿಗ್ಗೆ ಅಕ್ಕಿ ತರಿಯ ಪುಂಡಿ ಮತ್ತು ಚಟ್ನಿ, ಕುದುರೆಗೆ ಹಸಿ ಹುಲ್ಲು ಮತ್ತು ನೆನೆಸಿದ ಹುರುಳಿ. ಇಷ್ಟೇ ನನ್ನ ವ್ಯವಹಾರ. ಡಿಗ್ರಿ ಮುಗಿಸಿ ಆರು ವರ್ಷ ಮೈಸೂರಿನ ಹತ್ತಿರ ಕುದುರೆ ಸವಾರಿ ಕಲಿಸುವ ಒಂದು ಶಾಲೆಯ ಆಫೀಸಿನಲ್ಲಿದ್ದೆ. ಅಲ್ಲಿ ಕಡತಕ್ಕಿಂತ ಹೆಚ್ಚು ಲಾಯದ ಕೆಲಸ ಕಲಿತೆ. ಊರಿಗೆ ಬಂದು ಇದನ್ನು ಶುರು ಮಾಡಿದಾಗ ನಕ್ಕವರೇ ಹೆಚ್ಚು. ದನ ಸಾಕಿದರೆ ಹಾಲಾದರೂ ಸಿಗುತ್ತದೆ, ಇದರ ಹಿಂದೆ ನಿಂತರೆ ಒದೆ ಮಾತ್ರ ಎಂದು ಪಕ್ಕದ ಮನೆಯವರು ಹೇಳಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿದವರು, ಸಹಿ ಹಾಕಲು ಬರುತ್ತದೆ, ಅಷ್ಟೆ. ನಾನು ದಿನಾ ಎರಡು ಬಸ್ಸು ಬದಲಿಸಿ ಪುತ್ತೂರಿನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಾಡಿದೆ. ಎರಡನೇ ವರ್ಷದಲ್ಲಿ ಅಪ್ಪ ಜಾರಿ ಬಿದ್ದು ಸೊಂಟ ಪೆಟ್ಟಾಗಿ ಮನೆಯಲ್ಲಿ ಕುಳಿತಾಗ ಓದು ಬಿಡುವುದೆಂದು ತೀರ್ಮಾನಿಸಿದ್ದೆ. ಆಗ ನಮ್ಮ ಫಿಸಿಕ್ಸ್ ಸರ್ ಎರಡು ಬಸ್ಸು ಹತ್ತಿ ನಮ್ಮ ಮನೆಗೇ ಬಂದು, ಇವಳ ಓದು ನಿಲ್ಲಿಸಬೇಡಿ ಎಂದು ಅಪ್ಪನಿಗೆ ಹೇಳಿದರು. ಆ ಒಂದು ಮಾತಿನಿಂದ ನಾನು ಇವತ್ತು ಪದವೀಧರೆ. ಸರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಕೆಡಿಸಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನಿವೃತ್ತಿಯಾದ ಮೇಲೆ ಅವರು ನಮ್ಮ ಮನೆಯಿಂದ ಮೂರು ಕಿಲೋಮೀಟರಿನಲ್ಲಿ ಜಾಗ ತೆಗೆದುಕೊಂಡು ಹೊಸ ಮನೆ ಕಟ್ಟಿಸುತ್ತಿದ್ದರು.

ಆ ಸಲ ಬಂದ ಸವಾರರು ಮೈಸೂರಿನ ರೇವತಿ ಮತ್ತು ಅವರ ಗಂಡ. ಗಂಡನದು ಕಂದು ಬಣ್ಣದ ಗಂಡು ಕುದುರೆ. ರೇವತಿಯವರದು ಹೆಣ್ಣು, ಗೊರಸಿನಿಂದ ಕಿವಿಯ ತುದಿಯವರೆಗೆ ಕಪ್ಪು, ಹೆಸರು ಕಾಡಿಗೆ. ಅಷ್ಟು ಸಾಧುವಾದ ಕುದುರೆಯನ್ನು ನಾನು ನೋಡಿಲ್ಲ. ಕಾಲನ್ನು ಎರಡು ಬೆರಳಿನಿಂದ ತಟ್ಟಿದರೆ ಸಾಕು, ತಾನೇ ಎತ್ತಿ ನಮ್ಮ ಕೈಯಲ್ಲಿ ಇಡುತ್ತಿತ್ತು. ಅದನ್ನು ಒಮ್ಮೆ ಸಮುದ್ರಕ್ಕೆ ಇಳಿಸಬೇಕೆಂದು ರೇವತಿ ಹೊರಟಿದ್ದರು. ನಮ್ಮಲ್ಲಿ ಎರಡು ದಿನ ವಿಶ್ರಾಂತಿ, ಆಮೇಲೆ ಮುಂದಿನ ದಾರಿ.

ಎರಡನೇ ದಿನ ಮಧ್ಯಾಹ್ನ ಊಟ ಮುಗಿಸಿದ್ದೆವಷ್ಟೆ, ಸರ್ ಬಂದರು. ಕೈಯಲ್ಲಿ ಸ್ವೀಟಿನ ಪೊಟ್ಟಣ, ಗೃಹಪ್ರವೇಶದ, ಅಂದರೆ ನಮ್ಮಲ್ಲಿ ಮನೆ ಒಕ್ಕಲಿನ, ಕಾಗದ. ಅವರ ಕಾರಿನಲ್ಲಿ ಹೊಸ ಮನೆಯ ಗ್ರಿಲ್ ಕೆಲಸದ ಲೋಕು ಸಹ ಇದ್ದ. ಅವನು ಇಳಿದು ತೋಟದ ಕಡೆ ಹೋದದ್ದನ್ನು ನೋಡಿದೆ, ಮೂತ್ರಕ್ಕೆ ಇರಬೇಕು ಎಂದುಕೊಂಡೆ.

"ಹೇಮಾ, ನಿನ್ನಲ್ಲಿಗೆ ಕಪ್ಪು ಕುದುರೆ ಬಂದಿದೆ ಅಂತ ಕೇಳಿದೆ. ಪೂರಾ ಕಪ್ಪೇಯಾ? ಕಾಲಲ್ಲಿ ಬಿಳಿ ಎಂತ ಇಲ್ಲವಾ?" ಎಂದು ಕೇಳಿದರು.

ಸರ್ ಎಲ್ಲದರ ಬಗ್ಗೆಯೂ ಹೀಗೆಯೇ ಕೇಳುವವರು. ನನಗೆ ಖುಷಿಯೇ ಆಯಿತು. ಜಗಲಿಯಲ್ಲಿ ಕೂರಿಸಿ ಚಹಾ ಮಾಡಿ ಕೊಟ್ಟೆ. ಇವರೇ ನನ್ನ ಗುರುಗಳು ಎಂದು ರೇವತಿಯವರಿಗೆ ಹೆಮ್ಮೆಯಿಂದ ಪರಿಚಯಿಸಿದೆ. ಸರ್ ಅರ್ಧ ಗಂಟೆ ಮಾತಾಡಿದರು. ಕುದುರೆ ದಿನಕ್ಕೆ ಎಷ್ಟು ದೂರ ನಡೆಯುತ್ತದೆ, ಡಾಂಬರು ರಸ್ತೆಯಲ್ಲಿ ಕಬ್ಬಿಣ ಎಷ್ಟು ಸವೆಯುತ್ತದೆ ಎಂದೆಲ್ಲ ವಿಚಾರಿಸಿದರು. ನಡುವೆ ಲಾಯದಿಂದ ಕಾಡಿಗೆ ಒಮ್ಮೆ ಜೋರಾಗಿ ಕೆನೆಯಿತು. ರೇವತಿ ಏಳಲು ಹೊರಟರು. "ಕೂತ್ಕೊಳ್ಳಿ ಮಾರಾಯ್ರೆ, ಅದಕ್ಕೂ ಚಹಾದ ಹೊತ್ತು ಆಯ್ತು" ಎಂದು ಸರ್ ನಕ್ಕರು. ನಾವೂ ನಕ್ಕೆವು. ಆ ನಗುವನ್ನು ನೆನೆಸಿದರೆ ಈಗಲೂ ನನಗೆ ನನ್ನ ಮೇಲೆಯೇ ಅಸಹ್ಯ ಆಗುತ್ತದೆ.

ಸರ್ ಹೋಗಿ ಸ್ವಲ್ಪ ಹೊತ್ತಿಗೆ ನೀರು ಇಡಲು ಲಾಯಕ್ಕೆ ಹೋದೆ. ಕಾಡಿಗೆ ಮೂಲೆಗೆ ಒತ್ತಿಕೊಂಡು ಮೂರು ಕಾಲಿನ ಮೇಲೆ ನಿಂತಿತ್ತು. ಬಲ ಮುಂಗಾಲು ನೆಲ ಮುಟ್ಟುತ್ತಿರಲಿಲ್ಲ. ಲಾಳ ಇರಲಿಲ್ಲ. ಲಾಳ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಮೊಳೆಗಳ ಮಡಚಿದ ತುದಿಯನ್ನು ಮೊದಲು ನೆಟ್ಟಗೆ ಮಾಡಿ ಒಂದೊಂದಾಗಿ ಬಿಡಿಸಬೇಕು. ಇಲ್ಲಿ ಯಾರೋ ಇಕ್ಕಳ ಹಾಕಿ ಎಳೆದು ಕಿತ್ತಿದ್ದರು. ಗೊರಸಿನ ಹೊರಬದಿ ಚಕ್ಕೆಯಾಗಿ ಸೀಳಿ ಬಂದಿತ್ತು. ಒಳಗಿನ ಜೀವ ಇರುವ ಭಾಗದಿಂದ ರಕ್ತ ಒಸರುತ್ತಿತ್ತು. ನಾನು ಹತ್ತಿರ ಹೋದಾಗ ಆ ಪ್ರಾಣಿ ನೋವಿನ ಕಾಲನ್ನೇ ಎತ್ತಿ ಕೊಟ್ಟಿತು. ಕಾಲು ಕೇಳಿದ ಕೂಡಲೇ ಕೊಡುವ ಆ ಗುಣದಿಂದಲೇ ಕಿತ್ತವನಿಗೆ ಕೆಲಸ ಸುಲಭ ಆಗಿರಬೇಕು. ಪಕ್ಕದಲ್ಲಿದ್ದ ಕಂದು ಕುದುರೆಯನ್ನು ಯಾರೂ ಮುಟ್ಟಿರಲಿಲ್ಲ.

ರೇವತಿ ಓಡಿ ಬಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಗೇಟಿನ ಬೋರ್ಡಿನಲ್ಲಿ ಏನಂತ ಬರೆಸಿದ್ದೀರಿ? ಕುದುರೆ ನಿಮ್ಮದು, ಕಾಳಜಿ ನಮ್ಮದು ಅಂತ ಅಲ್ವಾ?" ಎಂದರು.

ನನ್ನ ಗಂಡ ಪಿಕಪ್ ತೆಗೆದುಕೊಂಡು ಹೋಗಿ ದನದ ಡಾಕ್ಟ್ರನ್ನು ಕರೆತಂದರು. ಚಿಕ್ಕ ಪ್ರಾಯದ ಹೆಣ್ಣುಮಗಳು. ಕುದುರೆಯನ್ನು ತಾನು ಪುಸ್ತಕದಲ್ಲಿ ಓದಿದ್ದೇ ಹೆಚ್ಚು ಎಂದು ಮೊದಲೇ ಹೇಳಿದರು. ತನ್ನ ಜೊತೆ ಕಲಿತ ಒಬ್ಬರಿಗೆ ವಿಡಿಯೋ ಕಾಲ್ ಮಾಡಿ, ಅವರು ಹೇಳಿದ ಹಾಗೆ ಗಾಯ ತೊಳೆದು ಮದ್ದು ಕಟ್ಟಿದರು. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಅದಕ್ಕೆ ಇಂಜೆಕ್ಷನ್ ಪುತ್ತೂರಿನಿಂದಲೇ ತರಿಸಬೇಕಾಯಿತು. ಗೊರಸು ತಿಂಗಳಿಗೆ ಒಂದು ಬೆರಳಗಲವೂ ಬೆಳೆಯುವುದಿಲ್ಲ, ಎರಡು ತಿಂಗಳಾದರೂ ಇದನ್ನು ನಡೆಸಬೇಡಿ, ಒಳಗೆ ಕೀವಾದರೆ ಕುದುರೆ ಉಳಿಯುವುದು ಕಷ್ಟ ಎಂದು ಡಾಕ್ಟ್ರು ಹೇಳಿದರು. ಸಮುದ್ರದ ಮಾತು ಅಲ್ಲಿಗೇ ನಿಂತಿತು.

ಕದ್ದವರು ಯಾರು ಎಂದು ಎರಡು ದಿನ ಊರೆಲ್ಲ ವಿಚಾರಿಸಿದೆ. ಗುಜರಿಯವರ ಮೇಲೆ ಸಂಶಯಪಟ್ಟೆ, ರಸ್ತೆ ಕೆಲಸಕ್ಕೆ ಬಂದವರ ಮೇಲೆ ಸಂಶಯಪಟ್ಟೆ. ಸರ್ ಮೇಲೆ ಸಂಶಯ ಬರಲೇ ಇಲ್ಲ. ಲೋಕು ತೋಟದ ಕಡೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದರೂ ಬರಲಿಲ್ಲ. ಕಲಿತವರು ಇಂಥದ್ದು ಮಾಡುವುದಿಲ್ಲ ಎಂದು ನನ್ನ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕುಳಿತಿತ್ತು. ಬಡವರ ಮನೆಯಿಂದಲೇ ಬಂದ ನಾನು ಬಡವರನ್ನೇ ಮೊದಲು ಸಂಶಯಿಸಿದೆ. ಇದನ್ನೂ ಇಲ್ಲಿ ಬರೆಯಬೇಕು.

ಮೂರನೇ ದಿನ ಸರ್ ಮನೆಯ ಒಕ್ಕಲು. ಹೋಗುವ ಮನಸ್ಸಿರಲಿಲ್ಲ, ಆದರೆ ಗುರುಗಳ ಮನೆ. ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಬಾಗಿಲ ಮೇಲೆ, ಮಾವಿನ ಎಲೆಗಳ ನಡುವೆ, ಲಾಳ. ಅರಿಶಿನ ಕುಂಕುಮ ಹಚ್ಚಿದ್ದರು. ಬಾಗಿದ ಒಂದು ಮೊಳೆಯಲ್ಲಿ ಕಪ್ಪು ಗೊರಸಿನ ಚೂರು ಇನ್ನೂ ಕಚ್ಚಿಕೊಂಡಿತ್ತು. ಅದರ ಮೇಲೆಯೂ ಕುಂಕುಮ.

ನಾನು ಅಲ್ಲೇ ನಿಂತೆ. ನನ್ನ ಮುಖ ನೋಡಿ ಸರ್ ಬಂದು ಮನೆಯ ಬದಿಗೆ, ಕೈ ತೊಳೆಯುವ ನಳ್ಳಿಯ ಹತ್ತಿರ ಕರೆದುಕೊಂಡು ಹೋದರು. ಸಣ್ಣ ಧ್ವನಿಯಲ್ಲಿ ಹೇಳಲು ಶುರು ಮಾಡಿದರು. ಮಗಳ ಮದುವೆ ಮಾತು ಎರಡು ಸಲ ಮುರಿದಿತ್ತಂತೆ, ಈ ಮನೆಯ ಸ್ಲ್ಯಾಬಿನಿಂದ ಕೆಲಸದವನೊಬ್ಬ ಬಿದ್ದಿದ್ದನಂತೆ. ಜೋಯಿಸರು ಶನಿ ಕಾಟ ಎಂದು ಹೇಳಿ, ಕಪ್ಪು ಕುದುರೆಯ ಬಲ ಮುಂಗಾಲಿನಲ್ಲಿ ದಾರಿ ನಡೆದ ಲಾಳ ಬಾಗಿಲಿಗೆ ಬೇಕು ಎಂದರಂತೆ. ಅಂಗಡಿಯದ್ದು ಆಗದು, ಕೇಳಿ ಪಡೆದದ್ದೂ ಆಗದು.

"ಲೋಕು ತೆಗೆದದ್ದು. ನೋವಾಗುದಿಲ್ಲ ಅಂತ ನಾನೇ ಅವನಿಗೆ ಹೇಳಿದ್ದು. ಅದು ಉಗುರಿನ ಹಾಗೆ ಅಲ್ವಾ?" ಎಂದರು.

"ಉಗುರು ಕತ್ತರಿಸುದು ಬೇರೆ ಸರ್, ಕೀಳುದು ಬೇರೆ."

ಸರ್ ನಳ್ಳಿ ತಿರುಗಿಸಿ ಕೈ ತೊಳೆಯತೊಡಗಿದರು.

"ಇನ್ನು ಹತ್ತು ದಿನದಲ್ಲಿ ಅದಕ್ಕೆ ಹೊಸ ಲಾಳ ಹಾಕ್ಲಿಕ್ಕೆ ಇತ್ತು. ಹಳೆಯದ್ದು ಗುಜರಿಗೆ ಹೋಗುದು. ನನ್ನ ಹತ್ತಿರ ಒಂದು ಮಾತು ಹೇಳ್ಬಹುದಿತ್ತು. ನಿಮ್ಮ ಕಣ್ಣಿಗೆ ಬೀಳುವ ಹಾಗೆ ಗೇಟಿನ ಹತ್ತಿರ ಬಿಸಾಡ್ತಿದ್ದೆ."

"ನಿನ್ನ ಹತ್ತಿರ ಹೇಗೆ ಹೇಳುದು ಮಾರಾಯ್ತಿ" ಎಂದರು ಸರ್. "ನಾನು ನಿನಗೆ ಸೈನ್ಸ್ ಕಲಿಸಿದವ. ನಾಚಿಕೆ ಆಯ್ತು."

ನನ್ನ ತಲೆಗೆ ಬೆಂಕಿ ಬಿದ್ದದ್ದು ಅಲ್ಲಿ. ನಂಬಿದ್ದಕ್ಕೆ ಅಲ್ಲ. ಮಗಳ ಚಿಂತೆಯಲ್ಲಿ ತಂದೆ ಏನನ್ನಾದರೂ ನಂಬಬಹುದು, ನಮ್ಮಮ್ಮನೂ ಎಷ್ಟೋ ನಂಬುತ್ತಾರೆ. ಆದರೆ ಕಲಿಸಿದ ಹುಡುಗಿಯ ಎದುರು ಮರ್ಯಾದೆ ಹೋಗುತ್ತದೆ ಎಂದು ಒಬ್ಬ ಮನುಷ್ಯ ಒಂದು ಪ್ರಾಣಿಯ ಕಾಲು ಸೀಳಿಸಿದ. ಅದು ಕೂಗಿದಾಗ ನಮ್ಮನ್ನು ನಗಿಸಿ ಕೂರಿಸಿದ. ಕೇಳಲು ನಾಚಿಕೆಯಾಯಿತಂತೆ, ಕೀಳಿಸಲು ನಾಚಿಕೆಯಾಗಲಿಲ್ಲ.

ಲಾಳ ನಿಮ್ಮಲ್ಲೇ ಇರಲಿ ಸರ್, ಅದು ಈಗ ಕಾಡಿಗೆಯ ಉಪಯೋಗಕ್ಕಿಲ್ಲ ಎಂದೆ. ಆದರೆ ನಾಳೆಯೋ ನಾಡಿದ್ದೋ ಒಮ್ಮೆ ಬಂದು ಆ ಕಾಲನ್ನು ನೋಡಿ ಎಂದೆ. ಬರ್ತೇನೆ ಎಂದರು. ಕೈ ತೊಳೆಯಲು ಬಂದಿದ್ದ ಒಬ್ಬರು ಎಲ್ಲ ಕೇಳಿಸಿಕೊಂಡು, ಒಂದು ತುಂಡು ಕಬ್ಬಿಣಕ್ಕೆ ಒಕ್ಕಲಿನ ದಿನ ಇಷ್ಟು ರಂಪವಾ ಎಂದರು. ನಾನು ಊಟ ಮಾಡದೆ ಹೊರಟೆ. ಸರ್ ಹೆಂಡತಿ ಗೇಟಿನವರೆಗೆ ಬಂದು ಕೈ ಹಿಡಿದುಕೊಂಡರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಆದರೂ ನಾನು ನಿಲ್ಲಲಿಲ್ಲ.

ಮರುದಿನ ಊರಲ್ಲಿ ಸುದ್ದಿಯಾಯಿತು. ಕುದುರೆಯ ಕಾಲಿನದ್ದಲ್ಲ. ಒಕ್ಕಲಿನ ಮನೆಯಿಂದ ನಾನು ಊಟ ಬಿಟ್ಟು ಬಂದದ್ದು. ನಾಲ್ಕಕ್ಷರ ಕಲಿತದ್ದಕ್ಕೆ ಅಹಂಕಾರ ಎಂದರಂತೆ. ಸರ್ ಬರಲಿಲ್ಲ, ಮರುದಿನವೂ ಇಲ್ಲ, ಆ ವಾರವೂ ಇಲ್ಲ. ರೇವತಿಯವರು ಎಂಟು ದಿನ ಇದ್ದು, ಕಾಡಿಗೆಯನ್ನು ನನ್ನ ಕೈಯಲ್ಲಿ ಬಿಟ್ಟು ಹೋದರು. ನಾನು ಅವರಿಗೆ ಎಲ್ಲವನ್ನೂ ಹೇಳಿದ್ದೆ. ನನ್ನ ಗುರುಗಳು ಎಂದು ಪರಿಚಯಿಸಿದವಳೇ ಹೇಳಬೇಕಾಯಿತು. ಕೇಳಿ ಅವರು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಕಷ್ಟವಾಯಿತು.

ಮತ್ತೆ ದಿನಕ್ಕೆ ಎರಡು ಹೊತ್ತು ಬಿಸಿನೀರು, ಉಪ್ಪು, ಮದ್ದು, ಬಟ್ಟೆ. ಮೈಸೂರಿನಿಂದ ಲಾಳ ಹೊಡೆಯುವವರು ಬಂದು ಗೊರಸನ್ನು ಹದ ಮಾಡಿ, ಉಳಿದ ಮೂರು ಲಾಳಗಳನ್ನೂ ಬಿಚ್ಚಿದರು. ಆ ಸುದ್ದಿ ಹೇಗೆ ಹರಡಿತೋ, ಫೋನ್ ಬರಲು ಶುರುವಾಯಿತು. ಹೇಗೂ ತೆಗೆದಾಗಿದೆಯಂತಲ್ಲ, ನಮಗೊಂದು ಕೊಡಬಹುದಾ ಎಂದು. ಕೇಳಿದವರಲ್ಲಿ ಒಬ್ಬರು ಹೈಸ್ಕೂಲ್ ಟೀಚರ್, ಒಬ್ಬರು ಇಂಜಿನಿಯರ್. ಒಂದು ತುಂಡು ಕಬ್ಬಿಣ ಎಂದಿದ್ದ ಆ ಮನುಷ್ಯರೂ ಫೋನ್ ಮಾಡಿದರು. ಬೆಳಿಗ್ಗೆ ಬನ್ನಿ, ನಾನು ಗಾಯ ತೊಳೆದು ಮುಗಿಸುವವರೆಗೆ ಕಾಲು ಹಿಡಿದುಕೊಂಡು ಕೂತುಕೊಳ್ಳಿ, ಮತ್ತೆ ಲಾಳ ತಕೊಂಡು ಹೋಗಿ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಒಬ್ಬರೂ ಬರಲಿಲ್ಲ. ಮೂರನ್ನೂ ಗುಜರಿಗೆ ಹಾಕಿದೆ.

ಏಪ್ರಿಲ್ ಕೊನೆಗೆ ಕಾಡಿಗೆ ನಾಲ್ಕೂ ಕಾಲು ಊರಿತು. ರೇವತಿಯವರು ಲಾರಿ ತಂದು ಕರೆದುಕೊಂಡು ಹೋದರು. ಸವಾರಿಗೆ ಇನ್ನೂ ಆರು ತಿಂಗಳಾದರೂ ಬೇಕು ಎಂದು ಡಾಕ್ಟ್ರು ಹೇಳಿದ್ದರು.

ಅದಾಗಿ ಹನ್ನೆರಡನೇ ದಿನ ಸರ್ ಬಂದರು. ಕೈಯಲ್ಲಿ ಹೊಸ ಬೈರಾಸು ಟವೆಲಿನಲ್ಲಿ ಸುತ್ತಿದ ಲಾಳ, ಒಂದು ತೆಂಗಿನಕಾಯಿ, ಒಂದು ಕಟ್ಟು ಕಡಲೆ. ಕಡೆಗೂ ಮನಸ್ಸು ಕರಗಿತು ಎಂದು ಒಂದು ಕ್ಷಣ ನನ್ನ ಎದೆ ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಹೇಳಿದ್ದು ಬೇರೆ. ಮಗಳ ಮದುವೆ ಮಾತು ಮತ್ತೊಮ್ಮೆ ತಪ್ಪಿತ್ತು. ಜೋಯಿಸರ ಹತ್ತಿರ ಪುನಃ ಪ್ರಶ್ನೆ ಇಟ್ಟಾಗ ಮೂಕ ಪ್ರಾಣಿಯ ಶಾಪ ಕಂಡಿತಂತೆ. ಲಾಳ ಹಿಂದೆ ಕೊಟ್ಟು, ಕುದುರೆಯ ಕಾಲು ಮುಟ್ಟಿ, ಕಡಲೆ ತಿನ್ನಿಸಿದರೆ ಸರಿಹೋಗುತ್ತದಂತೆ.

"ಕುದುರೆ ಎಲ್ಲುಂಟು ಹೇಮಾ?"

"ಹೋಯ್ತು ಸರ್. ಹನ್ನೆರಡು ದಿನ ಆಯ್ತು."

ಅವರು ಖಾಲಿ ಲಾಯದ ಕಡೆ ನೋಡಿದರು. ಕುದುರೆಯವರ ಅಡ್ರೆಸ್ ಉಂಟಾ ಎಂದು ಕೇಳಿದರು. ಕಾಲು ಹೇಗಿದೆ ಎಂದು ಕೇಳುತ್ತಾರೋ ಎಂದು ನಾನು ಕಾದೆ. ಕೇಳಲಿಲ್ಲ.

ನಮ್ಮಲ್ಲಿ ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವ ಕ್ರಮ ಇಲ್ಲ. ತಂದುಕೊಟ್ಟೆ. ಕೂತುಕೊಳ್ಳಿ ಎಂದು ಹೇಳಲಿಲ್ಲ. ಅವರು ನಿಂತೇ ಕುಡಿದರು. ಬೈರಾಸು ನನ್ನ ಕಡೆ ಚಾಚಿದಾಗ ನಾನು ಕೈ ನೀಡಲಿಲ್ಲ. ಅಡ್ರೆಸ್ಸೂ ಕೊಡಲಿಲ್ಲ. ಸರ್ ಎಲ್ಲವನ್ನೂ ಪುನಃ ಕಂಕುಳಲ್ಲಿಟ್ಟುಕೊಂಡು ಕಾರಿನ ಕಡೆ ನಡೆದರು.

ಒಳಗೆ ಬಂದಾಗ ಅಮ್ಮ ಆಕ್ಷೇಪಿಸಿದರು, ಎಷ್ಟಾದರೂ ಓದಿಸಿದವರು, ಆ ಋಣ ಇಲ್ಲವಾ ಎಂದು. ಇದೆ. ಅವರು ಅಂದು ನಮ್ಮ ಮನೆಗೆ ಬರದಿದ್ದರೆ ನಾನು ಈ ನಾಲ್ಕು ಸಾಲು ಬರೆಯುತ್ತಿರಲಿಲ್ಲ. ಆ ಋಣಕ್ಕೆ ನನ್ನದು ಏನು ಕೇಳಿದ್ದರೂ ಕೊಡುತ್ತಿದ್ದೆ. ಆದರೆ ಕುದುರೆಯ ಕಾಲು ನನ್ನದಲ್ಲ. ಅದರ ಕ್ಷಮೆಯೂ ನನ್ನದಲ್ಲ, ಅದನ್ನು ನಾನು ಕೊಡುವ ಹಾಗಿಲ್ಲ.