ವಾಚ್‌ಮನ್ ಮೀಸೆಗೆ ಅಂಟಿದ ಬೆಳ್ಳಿ ಎಲೆ

ಹೋದ ಭಾನುವಾರ ಊರಿಗಾಂ ಸ್ಟೇಷನ್ನಿನಲ್ಲಿ ನನ್ನನ್ನು ಕಳ್ಳ ಅಂತ ಹಿಡಿದರು. ಕಾಲರ್ ಹಿಡಿದು ಎತ್ತಿದ ರಭಸಕ್ಕೆ ನನ್ನ ಕಾಲು ನೆಲ ಬಿಟ್ಟಿತ್ತು. (ಒಂದು ಬೆರಳಷ್ಟೇ ಇದ್ದೀತು ಅಂತ ನಮ್ಮಮ್ಮ, ಒಂದು ಮಾರು ಅಂತ ನಾನು. ಬರೆಯುತ್ತಿರುವವನು ನಾನು.)

ಇದಕ್ಕೆಲ್ಲ ಮುನಿರಾಜನೇ ಕಾರಣ.

ಚಿನ್ನದ ಗಣಿ ಕೆಲಸಗಾರರ ಲೈನಿನಲ್ಲಿ ನಮ್ಮ ಮನೆಗೂ ಅವನ ಮನೆಗೂ ಒಂದೇ ಗೋಡೆ. ಅವನು ಮೂರು ಸಲ ತಟ್ಟಿದರೆ 'ಆಚೆ ಬಾ' ಅಂತ. ಒಂದು ದಿನ ಸೈನ್ಸ್ ಮೇಷ್ಟ್ರು ಹೇಳಿದರು: ತಂತಿಗೆ ಉಪ್ಪು ಸವರಿ ಕೆಂಪಗೆ ಕಾಯಿಸಿದರೆ, ಕೆಲವು ಪರಮಾಣುಗಳು ತಮ್ಮದೊಂದು ಎಲೆಕ್ಟ್ರಾನನ್ನು ತಂತಿಯಲ್ಲೇ ಬಿಟ್ಟು ಹಾರಿಹೋಗುತ್ತವಂತೆ. ಪರದೇಶದ ವಿಜ್ಞಾನಿಗಳು ಅವನ್ನು ಮ್ಯಾಗ್ನೆಟ್ ಪಕ್ಕ ಓಡಿಸಿ, ಹಗುರವಾದದ್ದು ಯಾವುದು, ಭಾರವಾದದ್ದು ಯಾವುದು ಅಂತ ಬೇರೆ ಮಾಡುತ್ತಾರಂತೆ.

"ಸುಳ್ಳು ಕಣ್ಲಾ," ಅಂದ ಮುನಿರಾಜ. "ಕಣ್ಣಿಗೇ ಕಾಣ್ದಿದ್ದು ಓಯ್ತು ಅಂತ ಯಾವನ್ಲಾ ಏಳೋನು?"

"ತೋರಿಸ್ತೀನಿ ನೋಡ್ತಿರು," ಅಂದೆ. ಪಂದ್ಯ ಬಿತ್ತು.

ಅಷ್ಟರಲ್ಲಿ ಗಣಿಯ ಕಲ್ಲುಧೂಳಿಗೆ ಮುನಿರಾಜನ ಅಪ್ಪನ ಎದೆ ಕೆಟ್ಟಿತು. ಕೆಲಸ ಹೋಯಿತು. ಕೆಲಸವಿಲ್ಲದವನಿಗೆ ಲೈನಿನಲ್ಲಿ ಮನೆ ಎಲ್ಲಿಯದು? ಬಂಗಾರಪೇಟೆಗೆ, ಅಜ್ಜಿ ಮನೆಗೆ ಹೊರಟೇಹೋದರು.

ಪಂದ್ಯ ಮಾತ್ರ ಇಲ್ಲೇ ಉಳಿಯಿತು. ಮೇಷ್ಟ್ರ ಕೈಕಾಲು ಹಿಡಿದು ಬ್ಯಾಟರಿ, ತಂತಿ ತಂದೆ. ಒಂದು ಬಾಟಲಿ, ಬಿರಡೆಗೊಂದು ಮೊಳೆ, ಮೊಳೆಯ ತುದಿಗೆ ಲೋಹದ ಜೋಡಿ ತೆಳು ಎಲೆ ಬೇಕು. ತಲೆಗೆ ಉಜ್ಜಿದ ಬಾಚಣಿಗೆಯನ್ನು ಮೊಳೆಗೆ ತಾಗಿಸಿದರೆ ಎಲೆಗಳು ಜಗಳವಾಡಿದವರ ಹಾಗೆ ದೂರ ಸರಿಯುತ್ತವೆ. ಕಾದ ತಂತಿಯಿಂದ ಹಾರಿದ ಪರಮಾಣುಗಳು ಬಂದು ಮೊಳೆಗೆ ತಗುಲಿ, ಬಾಚಣಿಗೆ ಕೊಟ್ಟ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡರೆ ಎಲೆಗಳು ಮತ್ತೆ ಕೂಡಿಕೊಳ್ಳುತ್ತವೆ. ಪುಸ್ತಕದ ಪ್ರಕಾರ ಅದು ಚಿನ್ನದ ಎಲೆ. ಲೋಕಕ್ಕೆಲ್ಲ ಚಿನ್ನ ಕಳಿಸುವ ನಮ್ಮೂರಿನಲ್ಲಿ ಉಗುರಿನಷ್ಟು ಚಿನ್ನ ಕೇಳಿ ನೋಡಿ, ಕೇಳಿದವನೇ ಲಾಕಪ್ಪಿಗೆ. ಸರಿ, ಮಿಠಾಯಿಗೆ ಅಂಟಿಸುವ ಬೆಳ್ಳಿ ಎಲೆ ಸಾಕು ಅಂತ ಬಂಗಾರಪೇಟೆಗೆ ಹೋದೆ.

(ಎಲೆ ಊರಿಗಾಂನಲ್ಲೂ ಸಿಗುತ್ತಿತ್ತು. ಆ ಮಾತು ಬಿಡಿ.)

ಎಲೆ ಕೊಂಡು ಅವನ ಅಜ್ಜಿ ಮನೆಗೆ ಹೋದರೆ ಮುನಿರಾಜ ಇರಲಿಲ್ಲ. "ಗೂಡ್ಸ್ ಶೆಡ್ ತಾವ ಮೂಟೆ ಓರಕ್ಕೆ ಓಗವ್ನೆ ಕಣ್ ಮಗಾ," ಅಂದರು ಅಜ್ಜಿ. "ಅವನ್ಗೆಲ್ಲಿ ಬಂತು ಭಾನ್ವಾರ?"

"ಸಾಯಂಕಾಲ ಬರಕ್ಕೇಳಜ್ಜಿ. ಪಂದ್ಯ ಐತೆ."

"ಏಳ್ತೀನಿ. ಬಂದ್ರೆ ಬಂದ."

ಮರಳಿ ಊರಿಗಾಂನಲ್ಲಿ ಇಳಿದೆ. ಜೇಬಿನಿಂದ ಹೊಳೆಯುವ ತುದಿಯೊಂದು ಇಣುಕುತ್ತಿತ್ತು. ಚಿನ್ನಗಳ್ಳರಿಗಾಗಿ ಕಾದಿರುವ ನಮ್ಮೂರ ಗಣಿ ವಾಚ್‌ಮನ್ನನಿಗೆ ಅಷ್ಟು ಸಾಲದೇ? ಹಿಡಿದ, ಎತ್ತಿದ, ಪೊಟ್ಟಣ ಬಿಚ್ಚಿದ. ಬುಸ್ ಅಂತ ಉಸಿರುಬಿಟ್ಟ. ಒಂದು ಎಲೆ ಹಾರಿ ನೇರವಾಗಿ ಅವನ ಮೀಸೆಗೆ ಅಂಟಿತು.

"ಏನ್ಲಾ ಇದು?"

"ಮಿಠಾಯಿ ಮೇಲಿನ ಎಲೆ ಕಣಣ್ಣ."

"ಮಿಠಾಯಿ ಎಲ್ಲಿ?"

"ತಗೊಂಡಿಲ್ಲ."

"ಮಿಠಾಯಿ ಬಿಟ್ಟು ಎಲೆ ತರೋನು ಕಳ್ಳನೋ ಉಚ್ಚನೋ?" ಅಂತ ಮೀಸೆ ನೆಕ್ಕಿ ನೋಡಿದ. ರುಚಿ ಇಲ್ಲ. ಪ್ರಯೋಗದ ಕಥೆ ಪೂರ್ತಿ ಹೇಳಿದ ಮೇಲೆ ನನ್ನನ್ನು ಕೆಳಗಿಳಿಸಿದ.

"ಯಾರ್ಗೆ ತೋರ್ಸಕ್ಕೆ?"

"ಮುನಿರಾಜನ್ಗೆ."

"ಅವ್ರು ಲೈನ್ ಬಿಟ್ಟೋದ್ರಲ್ಲೋ," ಅಂದ, ಸ್ವಲ್ಪ ಮೆತ್ತಗೆ.

ಸಾಯಂಕಾಲದ ರೈಲು ಬಂತು. ಮುನಿರಾಜ ಬರಲಿಲ್ಲ.

ಮನೆಯಲ್ಲಿ ಒಬ್ಬನೇ ಕೂತು ತಂತಿ ಕಾಯಿಸಿದೆ. ಕೆಂಪಾಯಿತು. ದೂರ ನಿಂತಿದ್ದ ಎರಡು ಎಲೆ ನಿಧಾನವಾಗಿ, ಬಹಳ ನಿಧಾನವಾಗಿ, ಒಂದನ್ನೊಂದು ಮುಟ್ಟಿದವು. ಖುಷಿಗೆ ಎದ್ದವನೇ ಗೋಡೆಯನ್ನು ಮೂರು ಸಲ ತಟ್ಟಿಬಿಟ್ಟೆ.

"ಯಾರಪ್ಪಾ ಅದು?" ಅಂತ ಆಚೆಯಿಂದ ಹೊಸಬರ ತಮಿಳು ದನಿ ಕೇಳಿತು.

ಪಂದ್ಯ ನಾನೇ ಗೆದ್ದೆ ಓದುಗರೇ, 'ಸುಳ್ಳು ಕಣ್ಲಾ' ಅನ್ನುವುದಕ್ಕೆ ಯಾರಾದರೂ ಒಬ್ಬರು ಬರುತ್ತೀರಾ?